ಮೂರು ಬೋರ್ಡು

ಬ್ಯಾಡಗಿ ಮಾರ್ಕೆಟ್ಟಿನ ಹಿಂದಿನ ಓಣಿಯಾಗ
ತಕ್ಕಡಿ ರಿಪೇರಿ ನನ್ನ ಕೆಲಸ.
ಪೇಪರಿನಾಗ ಬಂದೈತಿ ಇವತ್ತು:
ಫೋನಿನಾಗ ಜಗತ್ತು ಹುಡುಕಿ ಕೊಡೂ ಕಂಪನಿ
ಒಡೀಬೇಕೋ ಬ್ಯಾಡೋ ಅಂತ
ದೂರದ ಕೋರ್ಟಿನಾಗ ವಾದ.

ಒಡದದ್ದು ನೋಡೀನಿ ನಾನು.
ಮುರಿಗೆಪ್ಪ ಸಾವಕಾರನ ದಲಾಲಿ ಅಂಗಡಿ
ಮೂರು ಮಕ್ಕಳಿಗೆ ಮೂರು ಪಾಲಾತು.
ಗ್ವಾಡಿ ಎದ್ದವು. ಮೂರು ಬೋರ್ಡು,
ಮೂರು ಗಾದಿ, ಮೂರು ಗಲ್ಲಾಪೆಟ್ಟಿಗಿ.
ತೂಕದ ಕಾಟಾ ಕೊಯ್ಯಾಕ ಬರಲಿಲ್ಲ,
ಅಂಗಳದ ನಡುವ ಒಂದ ಉಳೀತು.
ಟೆಂಡರ್ ಚೀಟಿಯಾಗ ಮೂರು ಕೈಬರಹ,
ರೇಟು ಮಾತ್ರ ಅವಳಿ-ಜವಳಿ.

ಮೆಣಸಿನಕಾಯಿ ತುಂಬು ಬಿಡಸೂ ಫಕ್ಕೀರವ್ವ
ಉರಿಯೂ ಬೆರಳಿಗೆ ಎಣ್ಣಿ ಸವರಿಕೋತ ಕೇಳಿದ್ಲು:
"ಹುತ್ತ ಮೂರು ಮಾಡಿದ್ರ
ಹಾವು ಸತ್ತಂಗೇನೋ ಮಾಬುಸಾಬಾ?"

ಹೌದಂದಿಲ್ಲ, ಅಲ್ಲಂದಿಲ್ಲ ನಾನು.
ಯಾಕಂದ್ರ ಒಂದು ಸುಗ್ಗಿ, ಹದಿನೇಳು ದಿನ,
ಸಣ್ಣಾಂವ ಅಣ್ಣಗೋಳ ಕೂಡ ಮಾತು ಬಿಟ್ಟಿದ್ದ,
ಕಿಲೋಕ್ಕ ಎರಡು ರೂಪಾಯಿ ಕೂಲಿ ಏರಿಸಿದ್ದ.
ಓಣಿ ಹೆಂಗಸರೆಲ್ಲ ಅವನ ಗೋಡೌನಿಗೆ;
ಅಣ್ಣಗೋಳ ಅಂಗಳದಾಗ ಕಾಯಿ ರಾಶಿ, ಮ್ಯಾಲ ಗುಬ್ಬಿ.
ಹದಿನೆಂಟನೇ ದಿನ ಯಾರದೋ ನಿಶ್ಚಯ,
ಮೂವರೂ ಒಂದ ಪಂಕ್ತಿಗೆ ಕುಂತು ಹೋಳಿಗಿ ಉಂಡ್ರು.
ಮರುದಿನ ಕೂಲಿ ಹಳೇದು.

ಆ ಹದಿನೇಳು ದಿನದ ರುಚಿ
ಖಾರಕ್ಕಿಂತ ಕೆಟ್ಟದ್ದು,
ನಾಲಿಗಿ ಬಿಡೂದಿಲ್ಲ.

ನಿನ್ನೆ ಸಂಜಿಮುಂದ ಫಕ್ಕೀರವ್ವ, ಕೂಡ ಐದು ಮಂದಿ,
ಗೋಣಿಚೀಲದಾಗ ಹೊತ್ತು ತಂದ್ರು
ಗುಜರಿಯಾಗ ಕೊಂಡ ತಕ್ಕಡಿ, ಮುಳ್ಳು ಸೊಟ್ಟ.
"ಸರಿ ಮಾಡು. ಇದು ನಮ್ಮದು.
ಅವರು ತೂಗಿದ ಮ್ಯಾಲ ನಾವೂ ತೂಗತೀವಿ."

ಪೇಪರ್ ಮಡಚಿ ಕೆಳಗ ಹಾಸೀನಿ,
ಕಂಪನಿ ಸುದ್ದಿ ಮ್ಯಾಲ ತುಕ್ಕು ಉದುರತೈತಿ.
ಮುಳ್ಳು ಸೊನ್ನೆಗೆ ಇನ್ನೂ ನಿಂತಿಲ್ಲ.