ಉದ್ದ ಕಾಲು

ನಲವತ್ತು ವರ್ಷ ಟಿಬಿಲಿಸಿಯಲ್ಲಿ
ಲಿಫ್ಟು ರಿಪೇರಿ ಮಾಡಿದವನು ನಾನು.
ರಿಲೇ ಹಟ ಹಿಡಿದರೆ ಸುತ್ತಿಗೆಯಲ್ಲಿ ಒಂದು ತಟ್ಟಿ
ಮಾತು ಕೇಳಿಸುತ್ತಿದ್ದೆ.

ಈಗ ಐದು ವೋಲ್ಟಿಗೆ ಕೈ ನಡುಗುತ್ತದೆ.
"ಮೊಳೆ ಹೊಡೆದ ಹಾಗೆ ಒತ್ತಬೇಡ, ಒತಾರ್ ತಾತ."
ನಾಲ್ಕನೇ ಮಹಡಿಯ ತೇಕ್ಲೆ. ಒಂಬತ್ತು ವರ್ಷ, ಒಂದು ಹಲ್ಲಿಲ್ಲ.
ಅವಳ ಬೋರ್ಡು, ನನ್ನ ಭೂತಗನ್ನಡಿ,
ನಡುವೆ ಅಕ್ರೋಟು ಮುರಬ್ಬದ ತಟ್ಟೆ.

ರೆಸಿಸ್ಟರಿನ ಪಟ್ಟಿ ಓದುತ್ತೇನೆ: ಕೆಂಪು, ಕೆಂಪು, ಕಂದು.
ಅವಳು ಟೈಪು ಮಾಡಿದ್ದು ಇಷ್ಟೇ:
ಉರಿ, ತಡಿ, ಆರು, ತಡಿ, ಮತ್ತೆ ಮೊದಲಿಂದ.
ಲಿಫ್ಟಿಗೆ ನಾನು ಹೇಳುತ್ತಿದ್ದುದೂ ಅದೇ:
ಏರು, ತಡಿ, ಇಳಿ, ತಡಿ.

ಉರಿಯಲಿಲ್ಲ.

ಸುತ್ತಿಗೆಯ ಕಡೆ ನೋಡಿದೆ. ತೇಕ್ಲೆಯೂ ನೋಡಿದಳು.
ಎಲ್‌ಇಡಿ ಕಿತ್ತು ಕಿಟಕಿಗೆ ಹಿಡಿದು,
"ನೋಡು, ಒಂದು ಕಾಲು ಉದ್ದ, ಒಂದು ಗಿಡ್ಡ. ನಿನ್ನ ಹಾಗೇ..."
ಅಂದವಳೇ ನಾಲಿಗೆ ಕಚ್ಚಿಕೊಂಡಳು.
ಶಾಫ್ಟಿಗೆ ಬಿದ್ದವನ ಕುಂಟು
ಇಡೀ ಕಟ್ಟಡಕ್ಕೆ ಗೊತ್ತು.

"ಉದ್ದದ್ದು ಪ್ಲಸ್ಸಿಗೆ," ಮೆಲ್ಲಗೆ ಅಂದಳು.
"ತಿರುಗಿಸಿ ಹಾಕು."

ಹಾಕಿದೆ.
ಕೆಂಪು ಚುಕ್ಕೆ. ಇಲ್ಲ. ಕೆಂಪು ಚುಕ್ಕೆ.
ಮುರಬ್ಬ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.
ಕೆಳಗೆ ಯಾರೋ
ಲಿಫ್ಟಿನ ಗುಂಡಿ ಒತ್ತುತ್ತಲೇ ಇದ್ದರು.