ಕಣ್ಣಳತೆ

ಮಲ್ಪೆ ದಕ್ಕೆಯ ಹಿಂದೆ, ತಗಡಿನ ಶೆಡ್ಡಿನಲ್ಲಿ,
ಬೆಳಗಿನಿಂದ ಒಂದೇ ಹರಕಿಗೆ ಕೂತಿದ್ದೇನೆ.
ಹೊರಗೆ ಆಟಿಯ ಮಳೆ. ಬೋಟು ಇಳಿಯಲು ಇನ್ನು ಹನ್ನೊಂದು ದಿನ.
ಬಂಡೆಗೆ ಸಿಕ್ಕಿ ಹರಿಯಿತು ಎನ್ನುತ್ತಾನೆ ತಾಂಡೇಲ.
ಹರಕು ನೋಡಿದರೆ ಗೊತ್ತಾಗುತ್ತದೆ ನನಗೆ,
ಬಂಡೆಯಲ್ಲ, ಭಾರ.
ಕಡಲು ಕೊಟ್ಟದ್ದಕ್ಕಿಂತ ಹೆಚ್ಚು ಬಾಚಿದ ಭಾರ.

ಹೋದ ವರ್ಷ ಇಲ್ಲೇ ನಿಂತು ಹೇಳಿದ್ದ ಕುಂದರ್,
"ದೂಮಣ್ಣ, ಈ ಸಲ ಕಣ್ಣು ಸ್ವಲ್ಪ ಸಣ್ಣ ಮಾಡು.
ಬೂತಾಯಿಯ ಮರಿಯೂ ಕಾಸಾಗುತ್ತದೆ ಈಗ.
ಹುಡಿ ಮಾಡುವ ಕಾರ್ಖಾನೆಯವರು
ಮೀನು ಯಾವುದೆಂದು ಕೇಳುವುದಿಲ್ಲ, ಎಷ್ಟು ಟನ್ನು ಕೇಳುತ್ತಾರೆ."
ಇಪ್ಪತ್ತು ಬಗೆಯ ಗಂಟು ಗೊತ್ತು ಈ ಕೈಗೆ.
"ಆಗುವುದಿಲ್ಲ" ಎಂಬ ಗಂಟು ಕಲಿತಿರಲಿಲ್ಲ.

ಒಣಗಿ, ಹುಡಿಯಾಗಿ, ಚೀಲದೊಳಗೆ ಹೊಲಿಸಿಕೊಂಡು
ಹಡಗು ಹತ್ತಿದವು ಆ ಮರಿಗಳು,
ಯಾವುದೋ ದೇಶದ ಸಿಗಡಿ ಕೆರೆಗೆ.
ಸಿಗಡಿ ತಿಂದವರ ತಟ್ಟೆಯಲ್ಲಿ ನಮ್ಮ ಬೂತಾಯಿಗೆ ಹೆಸರಿಲ್ಲ.
ಇತ್ತ ರಾಜೀವಿಯ ಬುಟ್ಟಿಯಲ್ಲಿ ಮಂಜುಗಡ್ಡೆಯೇ ಜಾಸ್ತಿ.
ಬಡವರ ಮೀನು ಅಂದಿದ್ದೆವಲ್ಲ,
ಕಿಲೋಗೆ ಮುನ್ನೂರು ಎನ್ನುವಾಗ
ಕಲ್ಯಾಣಪುರದ ಅಂಗಳಗಳಲ್ಲಿ ಅವಳ ದನಿ ಇಳಿಯುತ್ತಿತ್ತು.

ಮೊನ್ನೆ ಜೆಸಿಂತಾ ಲೋಬೊ ಬಂದಳು, ಮಂಗಳೂರಿನ ಹುಡುಗಿ,
ರಫ್ತಿನ ಕಂಪೆನಿಯ ಪರವಾಗಿ ಬಲೆ ನೋಡಲು.
ಹೊರದೇಶದ ಅಂಗಡಿಯವರು ಈಗ ಕೇಳುತ್ತಾರಂತೆ,
ಯಾವ ಬೋಟು, ಯಾವ ಬಲೆ, ಕಣ್ಣು ಎಷ್ಟು.
ಅವಳ ಕೈಯಲ್ಲಿ ಉಕ್ಕಿನ ಪಟ್ಟಿ, ತುದಿ ಚೂಪು, ಮೈತುಂಬ ಗೀಟು.
ಕಣ್ಣಿಗೆ ತೂರಿಸಿ, ನಿಂತಲ್ಲಿ ಓದಿ, ಬರೆದುಕೊಂಡಳು.
ಸಿಟ್ಟು ಬಂತು, ಸುಳ್ಳೇಕೆ.
ಅಜ್ಜನ ಬಿದಿರಿನ ಅಚ್ಚು ಅವಳ ಮುಂದಿಟ್ಟೆ.
"ಕುಂದರನ ಬಲೆ ಬಿಡಿ, ನನ್ನ ಸ್ವಂತದ್ದು ಅಳೆಯಿರಿ.
ನಿಮ್ಮ ಕಾನೂನಿಗಿಂತ ಹಿರಿದು ಇದು. ಅಜ್ಜನ ಎರಡು ಬೆರಳು."

ಅಳೆದಳು. ಏನೂ ಹೇಳಲಿಲ್ಲ.
ಪಟ್ಟಿಯನ್ನು ನನ್ನ ಕಡೆ ತಿರುಗಿಸಿದಳು, ಅಷ್ಟೆ.

ಎರಡು ಗೀಟು ಕಡಿಮೆ.

ಅಚ್ಚನ್ನು ಬಾಗಿಲ ಬೆಳಕಿಗೆ ಹಿಡಿದೆ.
ಅಂಚಿನುದ್ದಕ್ಕೂ ನೂಲು ಓಡಿದ ಜಾಡು.
ಮೂರು ತಲೆಯ ಗಂಟುಗಳು,
ಒಂದೊಂದೂ ಕೂದಲೆಳೆಯಷ್ಟಲ್ಲ, ಅದರ ನೆರಳಿನಷ್ಟು,
ತಿಂದಿವೆ ಬಿದಿರನ್ನು.
ಅಪ್ಪ ಕದ್ದದ್ದಲ್ಲ. ನಾನೂ ಕದ್ದದ್ದಲ್ಲ.
ಆದರೂ ಕುಂದರ್ ಬಾಯಿ ತೆರೆಯುವ ಮೊದಲೇ
ನನ್ನ ಕಣ್ಣು ಸಣ್ಣದಾಗಿತ್ತು.

ಅವಳು ಚಾ ಕುಡಿದು ಹೋದಳು, ಕೊಡೆ ಇಲ್ಲೇ ಮರೆತು.

ಹೊಸ ಬಿದಿರು ಸೀಳಿದೆ. ಅಳತೆ ಯಾರದ್ದು?
ನನ್ನ ಬೆರಳು ಅಜ್ಜನದಲ್ಲ.
ರಾಜೀವಿಯನ್ನು ಕರೆದು ಕೇಳಿದೆ,
"ನೀನು ಮದುವೆಯಾಗಿ ಬಂದ ವರ್ಷ
ಮೊಟ್ಟೆ ಬಿಟ್ಟು ಬಂದ ಬೂತಾಯಿ ಎಷ್ಟು ದಪ್ಪ ಇತ್ತು?"
ಅವಳು ನಗಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿ
ಹೆಬ್ಬೆರಳು ತೋರುಬೆರಳ ನಡುವೆ ಗಾಳಿಯನ್ನು ಹಿಡಿದಳು,
ಜಾರದ ಹಾಗೆ,
ಒಳಗೆ ಮೀನು ಇರುವ ಹಾಗೆ.
ಅಲ್ಲಿಗೆ ಕತ್ತಿ ಇಟ್ಟೆ.

ಕುಂದರ್ ಬರುವುದು ಆದಿತ್ಯವಾರ.
ಏನು ಹೇಳುತ್ತೇನೋ ಗೊತ್ತಿಲ್ಲ.
ತೊಡೆಯ ತುಂಬ ಬಿದಿರಿನ ಸಿಬಿರು.
ಅಚ್ಚು ಇನ್ನೂ ಹಸಿ,
ಈ ಮಳೆಗೆ ಬೇಗ ಒಣಗುವುದಿಲ್ಲ.