ಚೀಟಿಯಲ್ಲಿ ಎರಡೇ ಖಾನೆ

ಎಸ್ಪೆರಾನ್ಸಾ ಬಾಯಿ ಅದನ್ನು
ದಿಂಬಿನ ಗವುಸಿನಲ್ಲಿ ಸುತ್ತಿ ತಂದಿದ್ದರು,
ಲೊಟ್ಲಿಯಿಂದ ಮಡಗಾಂವಿಗೆ, ಬಸ್ಸಿನಲ್ಲಿ,
ಮೇಲೊಂದು ಕಟ್ಟು ಕೆಂಪು ರಾಜಗಿರಿ ಸೊಪ್ಪು
ಯಾರೂ ಏನೆಂದು ಕೇಳದಿರಲೆಂದು.

'ಮಕಾವಿನದು. ಮುನ್ನೂರು ವರ್ಷ.
ಮುತ್ತಜ್ಜನ ಅಜ್ಜನಿಗೆ ಹಡಗಿನ ಕಪ್ತಾನ ಕೊಟ್ಟದ್ದು.
ಕಡಲುಗಳ್ಳನೊಬ್ಬನ ರಕ್ತ ಕುಡಿದಿದೆ.'

ಕುಡಿದಿರಬಹುದು ಬಾಯಿ.
ಮೊದಲು ಬೆಳಕಿಗೆ ಹಿಡಿಯೋಣ.

ನಾನು ಮುಂಡರಗಿಯ ಕಂಬಾರರ ಹುಡುಗ.
ಹದಿನೇಳು ವರ್ಷದಿಂದ ಈ ಹಳೇ ಸಾಮಾನಿನ ಅಂಗಡಿಯ
ಹಿಂದಿನ ಕೋಣೆಯಲ್ಲಿ ಕೂತು
ಬೇರೆಯವರ ಅಜ್ಜಂದಿರ ತುಕ್ಕು ಕೆರೆಯುತ್ತೇನೆ.
ಮಾಲೀಕ ಕಲಿಸಿದ್ದು ಇಷ್ಟು: ಚೀಟಿ ಬರೆ, ದಾರ ಕಟ್ಟು.
ಚೀಟಿಯಲ್ಲಿ ಎರಡೇ ಖಾನೆ. ದೇಶ. ಕಾಲ.
ಅಪ್ಪ ಕಲಿಸಿದ್ದು ಬೇರೆ.
ಸಂತೆಯ ದಿನ ಕುಲುಮೆಯೆದುರು ರಾಶಿ ಬಿದ್ದ
ಕುಡಗೋಲುಗಳಲ್ಲಿ ಒಂದನ್ನೆತ್ತಿ
ಸವೆದ ಬಾಯಿ ನೋಡಿ
'ಇದು ಹುಲಿಗೆವ್ವಂದು' ಅನ್ನುತ್ತಿದ್ದ.
ತಪ್ಪಿದ್ದು ನಾ ಕಾಣೆ.

ಅಲಗು ಗೇಣಿಗೆ ಎರಡು ಬೆರಳು ಕಡಿಮೆ.
ಬೆನ್ನು ದಪ್ಪ, ಬಾಯಿ ಒಂದೇ ಕಡೆ.
ಬುಡಕ್ಕೆ ಹಿತ್ತಾಳೆಯ ಹೊದಿಕೆ, ಅದರಲ್ಲಿ ಬೆಳ್ಳಿ ತುಂಬಿದ ಬಳ್ಳಿ,
ಸುತ್ತಿ ಸುತ್ತಿ ತನ್ನ ಬೇರನ್ನೇ ಮರೆತ ಬಳ್ಳಿ.
ಮಕಾವಿನ ಕೈ ಹೀಗೆ ಬಳ್ಳಿ ಬಿಡಿಸುವುದಿಲ್ಲ.
ಹಿಡಿ ಕೋಣನ ಕೊಂಬು; ಬ್ಯಾಟರಿ ಹಿಡಿದರೆ
ಅಂಚಿನಲ್ಲಿ ಬೆಲ್ಲದ ಪಾಕದ ಬಣ್ಣ.
ಚೀನಾ ಅಲ್ಲ, ಜಾವಾ ಅಲ್ಲ,
ನಮ್ಮ ಬಯಲುಸೀಮೆಯದಂತೂ ಅಲ್ಲವೇ ಅಲ್ಲ.
ಸಿಂಹಳದ್ದು, ಬಾಯಿ. ಕ್ಯಾಂಡಿಯ ಬೆಟ್ಟದ ಕಡೆಯದು.
ಮುನ್ನೂರಿಲ್ಲ. ಇನ್ನೂರು, ತುಸು ಆಚೆ ಈಚೆ.
ಮೂರು ಮೊಳೆಯಲ್ಲಿ ಒಂದು ಯಂತ್ರದ್ದು,
ತಲೆ ಬಲು ದುಂಡಗೆ, ಅದು ನಿನ್ನೆ ಮೊನ್ನೆಯದು.

ಅವರ ಮುಖ ಸಣ್ಣದಾಯಿತು.
ಹೋದ ನೂರು ವರ್ಷ
ಮನೆಮಾಡಿನ ಅರ್ಧ ಹೆಂಚಾಗಬೇಕಿತ್ತು.

'ಹಾಗಾದರೆ ಇದು?' ಎಂದು ಬಳ್ಳಿಯ ಸಂದಿಯಲ್ಲಿದ್ದ
ಕಪ್ಪನ್ನು ತೋರಿಸಿದರು. 'ರಕ್ತ.'
ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಬಿಡಲಿಲ್ಲ.
ಸೂಜಿಯಿಂದ ಎತ್ತಿದೆ. ಎಳೆಯಾಗಿ ಬಂತು.
ರಕ್ತ ಎಳೆಯಾಗಿ ಬರುವುದಿಲ್ಲ.
ಉಗುರಿಗೆ ಹತ್ತಿದ್ದು ಕೊಬ್ಬರಿ ಎಣ್ಣೆಗಷ್ಟೇ ಸೋತಿತು.
ಹಲಸಿನ ಮೇಣ, ಬಾಯಿ.
ಪದರದ ಮೇಲೆ ಪದರ, ಬೇಸಿಗೆಗೊಂದು.
ಎಣಿಸಲು ಹೋಗಿ ಮೂವತ್ತಕ್ಕೆ ಬಿಟ್ಟೆ.

ಆಮೇಲೆ ಸಾಣೆಯ ಗೆರೆ ಕಣ್ಣಿಗೆ ಬಿತ್ತು.
ಎಲ್ಲರ ಕತ್ತಿ ಸವೆಯುವ ಮೈ ನುಣ್ಣಗಿತ್ತು,
ಇನ್ನೊಂದು ಮೈ ಒಳಗೆ ಸರಿದಿತ್ತು,
ಹಸಿದವನ ಹೊಟ್ಟೆಯ ಹಾಗೆ.
'ನಿಮ್ಮ ಮನೆಯಲ್ಲಿ ಎಡಚರು ಯಾರಿದ್ದರು?'

ಹೊರಗೆ ಮೀನಿನ ಗಾಡಿ ಹಾರ್ನ್ ಹೊಡೆದು ಹೋಯಿತು.
ಪಾವಿನ ಸೈಕಲ್ಲೂ ಹೋಯಿತು.

'ಕುಸ್ತೋದಿನ್' ಎಂದರು.
'ಅಡಿಗೆಯವಳು. ನಾನು ಹುಟ್ಟುವ ಮೊದಲೇ ಇದ್ದಳು,
ನನ್ನ ಮದುವೆಯ ವರ್ಷ ತೀರಿಕೊಂಡಳು.
ಎಡಗೈಯಲ್ಲಿ ಬಡಿಸಬೇಡವೆಂದು ಅಮ್ಮ
ದಿನಾ ಬೈಯುತ್ತಿದ್ದರು.'
ನಿಂತು, ಸೊಪ್ಪಿನ ಕಟ್ಟಿನ ದಾರ ಬಿಚ್ಚಿ, ಮತ್ತೆ ಕಟ್ಟಿ:
'ಅದನ್ನು ಚೀಟಿಯಲ್ಲಿ ಬರೆಯಬೇಡ. ಬೆಲೆ ಇಳಿದೀತು.'

ಬರೆಯಲು ಜಾಗವಾದರೂ ಎಲ್ಲಿ?
ದೇಶ: ಸಿಂಹಳ.
ಕಾಲ: ಸುಮಾರು ಇನ್ನೂರು ವರ್ಷ.
ದಾರ ಕಟ್ಟಿದೆ.
ಗವುಸನ್ನು ನಾಲ್ಕಾಗಿ ಮಡಚಿಕೊಂಡು ಹೋದರು.
ಸೊಪ್ಪು ಮರೆತರೋ, ನನಗೆಂದೇ ಬಿಟ್ಟರೋ.

ಬಾಗಿಲು ಎಳೆಯುವ ಮುನ್ನ ಒಮ್ಮೆ ಹಿಡಿದು ನೋಡಿದೆ.
ಬಲಗೈಗೆ ಕೊಂಬು ಒಗ್ಗಲಿಲ್ಲ, ಚುಚ್ಚಿತು.
ಎಡಗೈಗೆ ದಾಟಿಸಿದೆ.
ಹೆಬ್ಬೆರಳಿಗೊಂದು ತಗ್ಗು
ಅಲ್ಲಿ ಮೊದಲೇ ಇತ್ತು,
ನನ್ನದಕ್ಕಿಂತ ಸಣ್ಣ ಹೆಬ್ಬೆರಳು.